ಅಮೆರಿಕದಲ್ಲಿ ಸರ್ಕಾರಿ ಅಧಿಕಾರಿಯ ಮೇಲೆ ಕೇಸ್ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪೊಲೀಸರು ಕಾರಣವಿಲ್ಲದೆ ಕೆಳಗೆ ಕೆಡವಿ ಬೇಡಿ ಹಾಕಿದರು. ಜೈಲಿನಲ್ಲಿ ಇನ್ಸುಲಿನ್ ಕೇಳಿದರೆ ಕೊಡಲಿಲ್ಲ. ನಗರಸಭೆಯಲ್ಲಿ ಎದ್ದು ಪ್ರಶ್ನೆ ಕೇಳಿದ್ದಕ್ಕೆ ಹೊರಗೆ ದಬ್ಬಿದರು. ಅಮೆರಿಕದಲ್ಲಿ ಇಂಥದ್ದೇನಾದರೂ ಆದರೆ ಮೊದಲು ಬಾಯಿಗೆ ಬರುವ ಮಾತು "ಸೂ ಮಾಡ್ತೀನಿ". ಯಾರನ್ನು, ಯಾವ ಕಾನೂನಿನಡಿ, ಎಷ್ಟು ದಿನದೊಳಗೆ ಅಂತ ತಿರುಗಿ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಇಲ್ಲಿರುವುದೆಲ್ಲ ಆ ಮೂರು ಪ್ರಶ್ನೆಗಳ ಸುತ್ತಲೇ. ಇದು ವಕೀಲರ ಸಲಹೆಯ ಜಾಗ ತುಂಬುವುದಿಲ್ಲ. ಆದರೆ ವಕೀಲರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿದ್ದರೆ ಅರ್ಧ ಗಂಟೆ ಉಳಿಯುತ್ತದೆ. ಅಲ್ಲಿ ಅರ್ಧ ಗಂಟೆಗೂ ಬಿಲ್ ಇದೆ.

ಅಧಿಕಾರಿಯ ಮೇಲೆ ನಾನೇ ನೇರವಾಗಿ ದಾವೆ ಹೂಡಬಹುದಾ?

ಹೂಡಬಹುದು. ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಅಥವಾ ನಗರದ ಅಧಿಕಾರಿ ನಿಮ್ಮ ಸಾಂವಿಧಾನಿಕ ಹಕ್ಕನ್ನು ಮುರಿದರೆ ಸೆಕ್ಷನ್ 1983 ಎಂಬ ಕಾನೂನಿನಡಿ ಪರಿಹಾರ ಕೇಳಬಹುದು. ಇದಕ್ಕೆ ಸರ್ಕಾರದ ಅನುಮತಿ ಬೇಡ. ಅಧಿಕಾರಿಯ ಮೇಲೆ ಮೊದಲು ಕ್ರಿಮಿನಲ್ ಕೇಸ್ ಆಗಿರಬೇಕು ಅಂತಲೂ ಇಲ್ಲ. ಇದು ಸಿವಿಲ್ ದಾವೆ. ನೀವು ವಾದಿ, ಅಧಿಕಾರಿ ಪ್ರತಿವಾದಿ. ಗೆದ್ದರೆ ಸಿಗುವುದು ಹಣ ಅಥವಾ ಕೋರ್ಟ್ ಆದೇಶ.

ನೀವು ತೋರಿಸಬೇಕಾದದ್ದು ಎರಡು. ಹಕ್ಕು ಮುರಿಯಿತು ಎನ್ನುವುದು ಒಂದು. ಮುರಿದವರು ಸರ್ಕಾರಿ ಅಧಿಕಾರದ ಬಲದಿಂದ ಮುರಿದರು ಎನ್ನುವುದು ಇನ್ನೊಂದು. ರಜೆಯಲ್ಲಿರುವ ಪೊಲೀಸ್ ಒಬ್ಬ ಪಕ್ಕದ ಮನೆಯವನ ಜೊತೆ ಬೇಲಿ ವಿಷಯಕ್ಕೆ ಕೈ ಕೈ ಮಿಲಾಯಿಸಿದರೆ ಅದು ಮಾಮೂಲಿ ಹೊಡೆದಾಟ. ಅದೇ ಜಗಳದಲ್ಲಿ ಬ್ಯಾಡ್ಜ್ ತೋರಿಸಿ ಬೇಡಿ ಹಾಕಿದರೆ ಕಥೆ ಬೇರೆ. ಹಾಗೆಯೇ ಸಂಬಳದ ಚೀಟಿ ಸರ್ಕಾರದ್ದೇ ಆಗಿರಬೇಕಿಲ್ಲ. ಜೈಲಿಗೆ ಗುತ್ತಿಗೆ ಮೇಲೆ ಬರುವ ಖಾಸಗಿ ವೈದ್ಯರೂ ಇದರಡಿ ಬರುತ್ತಾರೆ ಅಂತ ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿದೆ.

1983 ಅಂದರೆ ಆ ವರ್ಷ ಬಂದ ಕಾನೂನಾ?

ಅಲ್ಲ, ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಅದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನು ಸಂಹಿತೆಯ 42ನೇ ಭಾಗದ ಕಲಮಿನ ನಂಬರ್ ಅಷ್ಟೆ. ಕಾನೂನು ಬಂದದ್ದು 1871ರ ಏಪ್ರಿಲ್‌ನಲ್ಲಿ. ಅಂತರ್ಯುದ್ಧ ಮುಗಿದಿತ್ತು, ಗುಲಾಮಗಿರಿ ಹೋಗಿತ್ತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕು ಕ್ಲುಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪು ಕಪ್ಪು ಜನರನ್ನು ಕೊಲ್ಲುತ್ತಿತ್ತು. ಅಲ್ಲಿನ ಶೆರಿಫ್‌ಗಳು, ನ್ಯಾಯಾಧೀಶರು ಕಣ್ಣು ಮುಚ್ಚಿಕೊಂಡಿದ್ದರು, ಕೆಲವರು ಅವರ ಜೊತೆಗೇ ಇದ್ದರು. ರಾಜ್ಯದ ಕೋರ್ಟ್‌ಗೆ ಹೋಗಿ ಪ್ರಯೋಜನ ಇಲ್ಲ ಅಂತ ಆದಾಗ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಫೆಡರಲ್ ಕೋರ್ಟಿನ ಬಾಗಿಲು ತೆರೆಯಿತು. ಸಹಿ ಹಾಕಿದ್ದು ಅಧ್ಯಕ್ಷ ಯುಲಿಸಿಸ್ ಗ್ರಾಂಟ್.

ಆಮೇಲೆ ಸುಮಾರು ತೊಂಬತ್ತು ವರ್ಷ ಆ ಕಾನೂನು ಬಹುಪಾಲು ನಿದ್ದೆಯಲ್ಲೇ ಇತ್ತು. ಅದನ್ನು ಎಬ್ಬಿಸಿದ್ದು 1961ರ ಮನ್ರೋ ವರ್ಸಸ್ ಪೇಪ್ ತೀರ್ಪು. 1958ರಲ್ಲಿ ಶಿಕಾಗೋದ 13 ಪೊಲೀಸರು ವಾರಂಟ್ ಇಲ್ಲದೆ ಬೆಳಗಿನ ಜಾವ ಒಂದು ಕಪ್ಪು ಕುಟುಂಬದ ಮನೆಗೆ ನುಗ್ಗಿದ್ದರು. ಗಂಡ ಹೆಂಡತಿಯನ್ನು ಹಾಸಿಗೆಯಿಂದ ಎಬ್ಬಿಸಿ ನಡುಮನೆಯಲ್ಲಿ ಬೆತ್ತಲೆ ನಿಲ್ಲಿಸಿದರು. ಹಾಸಿಗೆ ಹರಿದು ಮನೆಯೆಲ್ಲ ಕೆದಕಿದರು. ಯಜಮಾನನನ್ನು ಹತ್ತು ಗಂಟೆ ಠಾಣೆಯಲ್ಲಿಟ್ಟು ಯಾವ ಆರೋಪವೂ ಇಲ್ಲದೆ ಬಿಟ್ಟರು. "ಹೀಗೆ ಮಾಡುವುದು ನಮ್ಮ ರಾಜ್ಯದ ಕಾನೂನಿಗೂ ವಿರುದ್ಧ, ಹಾಗಾಗಿ ಇದು ಸರ್ಕಾರದ ಕೆಲಸ ಅಲ್ಲ" ಎಂಬುದು ಪೊಲೀಸರ ಪರವಾಗಿ ಬಂದ ವಾದ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಧಿಕಾರ ಕೈಯಲ್ಲಿದ್ದದ್ದರಿಂದಲೇ ದುರುಪಯೋಗ ಸಾಧ್ಯವಾಯಿತು, ಅಷ್ಟು ಸಾಕು ಎಂದಿತು. ಇವತ್ತು ಹೂಡುವ ಪ್ರತಿ ದಾವೆಯೂ ಈ ತೀರ್ಪಿನ ಮೇಲೆ ನಿಂತಿದೆ.

ನಾನು ಅಮೆರಿಕದ ಪ್ರಜೆ ಅಲ್ಲ, ವೀಸಾದಲ್ಲಿದ್ದೇನೆ. ನನಗೂ ಆಗುತ್ತದಾ?

ಆಗುತ್ತದೆ. ಕಾನೂನಿನ ಮಾತಿನಲ್ಲೇ ಪ್ರಜೆ ಅಥವಾ ಅಲ್ಲಿರುವ "ಬೇರೆ ಯಾವುದೇ ವ್ಯಕ್ತಿ" ಅಂತ ಇದೆ. ಸಂವಿಧಾನದ 14ನೇ ತಿದ್ದುಪಡಿ ಹೇಳುವುದೂ "ಯಾವುದೇ ವ್ಯಕ್ತಿ" ಅಂತಲೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದ ಚೀನೀಯರಿಗೆ ಮಾತ್ರ ಪರವಾನಗಿ ನಿರಾಕರಿಸಿದ್ದ ಕೇಸಿನಲ್ಲಿ, 1886ರಷ್ಟು ಹಿಂದೆಯೇ, ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಒಂದು ಎಚ್ಚರ: ವಲಸೆ ಅಧಿಕಾರಿಗಳು, ವಿಮಾನ ನಿಲ್ದಾಣದ ಗಡಿ ಅಧಿಕಾರಿಗಳು ಫೆಡರಲ್ ಸರ್ಕಾರದವರು. ಅವರಿಗೆ ಸೆಕ್ಷನ್ 1983 ಮುಟ್ಟುವುದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಕೇಸ್ ಯಾರ ಮೇಲೆ? ಆ ಪೊಲೀಸ್ ಮೇಲಾ, ನಗರದ ಮೇಲಾ, ರಾಜ್ಯದ ಮೇಲಾ?

ಅರ್ಧ ಕೇಸುಗಳು ಎಡವುವುದು ಇಲ್ಲೇ.

ವ್ಯಕ್ತಿಯ ಮೇಲೆ ಹಾಕಬಹುದು. ಆದರೆ ಅವರೇ ಏನು ಮಾಡಿದರು ಅಂತ ಬರೆಯಬೇಕು. "ಇವರು ಮೇಲಧಿಕಾರಿ, ಹಾಗಾಗಿ ಹೊಣೆ" ಅಂದರೆ ನಡೆಯುವುದಿಲ್ಲ. ಹೆಸರು ಗೊತ್ತಿಲ್ಲದಿದ್ದರೆ "ಜಾನ್ ಡೋ" ಅಂತ ಹಾಕಿ ಶುರು ಮಾಡುವ ಪದ್ಧತಿ ಇದೆ. ಆದರೆ ಕಾಲಮಿತಿ ಮುಗಿಯುವ ಮೊದಲು ನಿಜವಾದ ಹೆಸರು ಹುಡುಕಿಕೊಳ್ಳಬೇಕು. ಆಮೇಲೆ ಸೇರಿಸಲು ಹೋದರೆ ಹಲವು ಕೋರ್ಟ್‌ಗಳು ಬಾಗಿಲು ಹಾಕುತ್ತವೆ.

ನಗರ ಅಥವಾ ಕೌಂಟಿಯ ಮೇಲೂ ಹಾಕಬಹುದು. 1978ರ ಮೊನೆಲ್ ತೀರ್ಪಿನಿಂದ ಇದು ಸಾಧ್ಯವಾಯಿತು. ನ್ಯೂಯಾರ್ಕ್ ನಗರದ ಬಸುರಿ ಉದ್ಯೋಗಿಗಳನ್ನು ವೈದ್ಯಕೀಯ ಅಗತ್ಯ ಬರುವ ಮೊದಲೇ ಸಂಬಳವಿಲ್ಲದ ರಜೆಗೆ ಕಳಿಸುತ್ತಿದ್ದ ನಿಯಮದ ಮೇಲೆ ಬಂದ ಕೇಸ್ ಅದು. ಷರತ್ತು ಏನೆಂದರೆ, ನೌಕರ ತಪ್ಪು ಮಾಡಿದ ಅಂದ ಮಾತ್ರಕ್ಕೆ ನಗರ ಹೊಣೆ ಅಲ್ಲ. ನಗರದ ನೀತಿ, ಬೇರೂರಿದ ರೂಢಿ, ಅಥವಾ ಬೇಕೆಂದೇ ಕಡೆಗಣಿಸಿದ ತರಬೇತಿಯಿಂದಲೇ ಅನ್ಯಾಯ ಆಯಿತು ಅಂತ ತೋರಿಸಬೇಕು. ಲಾರಿ ಡ್ರೈವರ್ ಗುದ್ದಿದರೆ ಲಾರಿ ಕಂಪನಿ ಹೊಣೆ. ಪೊಲೀಸ್ ಹೊಡೆದರೆ ನಗರ ತಾನಾಗಿ ಹೊಣೆ ಅಲ್ಲ. ವಿಚಿತ್ರ, ಆದರೆ ಕಾನೂನು ಹಾಗೇ ಇದೆ.

ಈ ಷರತ್ತು ಎಷ್ಟು ಬಿಗಿ ಅಂತ ತಿಳಿಯಲು 2011ರ ಕಾನಿಕ್ ವರ್ಸಸ್ ಥಾಂಪ್ಸನ್ ನೋಡಿ. ನ್ಯೂ ಆರ್ಲಿಯನ್ಸ್‌ನ ಪ್ರಾಸಿಕ್ಯೂಟರ್‌ಗಳು (ಸರ್ಕಾರದ ಪರ ಕ್ರಿಮಿನಲ್ ಕೇಸ್ ನಡೆಸುವ ವಕೀಲರು) ರಕ್ತ ಪರೀಕ್ಷೆಯ ವರದಿ ಬಚ್ಚಿಟ್ಟಿದ್ದರು. ಒಬ್ಬ ಮನುಷ್ಯ 18 ವರ್ಷ ಜೈಲಿನಲ್ಲಿ ಕೊಳೆತ. ಅದರಲ್ಲಿ 14 ವರ್ಷ ಗಲ್ಲು ಶಿಕ್ಷೆಯವರ ಕೋಣೆಯಲ್ಲಿ. ಜ್ಯೂರಿ (ಕೇಸ್ ತೀರ್ಮಾನಿಸಲು ಕೂಡಿಸುವ ಸಾಮಾನ್ಯ ಜನರ ಗುಂಪು) 1.4 ಕೋಟಿ ಡಾಲರ್ ಕೊಟ್ಟಿತು. ಒಂದು ಕೇಸಿನ ತಪ್ಪಿನಿಂದ ತರಬೇತಿಯ ಲೋಪ ಸಾಬೀತಾಗಲ್ಲ ಅಂತ ಸುಪ್ರೀಂ ಕೋರ್ಟ್ 5-4ರಲ್ಲಿ ಅದನ್ನು ತಳ್ಳಿಹಾಕಿತು. ಆ ದಾವೆಯಿಂದ ಒಂದು ಡಾಲರೂ ಸಿಗಲಿಲ್ಲ.

ರಾಜ್ಯದ ಮೇಲೆ ಹಣಕ್ಕಾಗಿ ಈ ಕಾನೂನಿನಡಿ ಹಾಕಲು ಆಗುವುದಿಲ್ಲ. ಈ ಕಾನೂನು ಹೊಣೆ ಮಾಡುವುದು "ವ್ಯಕ್ತಿ"ಯನ್ನು, ರಾಜ್ಯ "ವ್ಯಕ್ತಿ" ಅಲ್ಲ ಅಂತ 1989ರ ತೀರ್ಪು. ಆದರೆ ಮುಂದೆ ಹೀಗೆ ಮಾಡದಂತೆ ತಡೆಯಿರಿ ಅಂತ ರಾಜ್ಯದ ಅಧಿಕಾರಿಯ ವಿರುದ್ಧ ಆದೇಶ ಕೇಳಬಹುದು. 1908ರ ಎಕ್ಸ್ ಪಾರ್ಟೆ ಯಂಗ್ ತೀರ್ಪು ಆ ದಾರಿ ಇಟ್ಟಿದೆ.

ಎಫ್‌ಬಿಐ, ಗಡಿ ಪೊಲೀಸ್, ವಲಸೆ ಅಧಿಕಾರಿಗಳ ಮೇಲೆ?

ಇಲ್ಲಿ ಸುದ್ದಿ ಚೆನ್ನಾಗಿಲ್ಲ. ಫೆಡರಲ್ ಅಧಿಕಾರಿಗಳಿಗೆ ಸೆಕ್ಷನ್ 1983ರಂಥ ಕಾನೂನನ್ನು ಕಾಂಗ್ರೆಸ್ ಬರೆದೇ ಇಲ್ಲ. 1971ರಲ್ಲಿ ಬಿವೆನ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತಾನೇ ಒಂದು ದಾರಿ ಮಾಡಿಕೊಟ್ಟಿತು. ಇನ್ನೆರಡು ಬಗೆಯ ಕೇಸಿಗೆ 1979 ಮತ್ತು 1980ರಲ್ಲಿ ಅದನ್ನು ಚಾಚಿತು. ಅಲ್ಲಿಗೆ ನಿಂತಿತು. ಆಮೇಲೆ ಬಂದ ಪ್ರತಿ ಹೊಸ ಬಗೆಯ ಕೇಸಿಗೂ "ಇದು ಕಾಂಗ್ರೆಸ್ ಮಾಡಬೇಕಾದ ಕೆಲಸ" ಅಂತ ಕೋರ್ಟ್ ಕೈತೊಳೆದುಕೊಂಡಿದೆ. 2022ರ ಎಗ್ಬರ್ಟ್ ವರ್ಸಸ್ ಬೂಲ್ ತೀರ್ಪಿನ ನಂತರ ಆ ದಾರಿ ಕಾಗದದ ಮೇಲೆ ಮಾತ್ರ ಇದೆ ಅಂದರೆ ಹೆಚ್ಚಲ್ಲ.

ಉಳಿದದ್ದು ಫೆಡರಲ್ ಟಾರ್ಟ್ ಕ್ಲೇಮ್ಸ್ ಆಕ್ಟ್, 1946ರದ್ದು. ಇದರಲ್ಲಿ ಕೇಸ್ ಅಧಿಕಾರಿಯ ಮೇಲಲ್ಲ, ಅಮೆರಿಕ ಸರ್ಕಾರದ ಮೇಲೆ. ಘಟನೆಯಾದ ಎರಡು ವರ್ಷದೊಳಗೆ ಆ ಇಲಾಖೆಗೆ ಲಿಖಿತ ಕ್ಲೇಮ್ ಕೊಡಬೇಕು. ಅದಕ್ಕೆ ಸ್ಟ್ಯಾಂಡರ್ಡ್ ಫಾರ್ಮ್ 95 ಅಂತ ಇದೆ. ಎಷ್ಟು ಹಣ ಬೇಕು ಅನ್ನುವ ಜಾಗ ಖಾಲಿ ಬಿಡಬೇಡಿ, ಆ ಅಂಕಿ ಇಲ್ಲದಿದ್ದರೆ ಕ್ಲೇಮ್ ಲೆಕ್ಕಕ್ಕೇ ಬರುವುದಿಲ್ಲ. ಇಲಾಖೆಗೆ ಆರು ತಿಂಗಳು ಸಮಯ. ನಿರಾಕರಿಸಿದರೆ, ಆ ಪತ್ರ ಅಂಚೆಗೆ ಹಾಕಿದ ದಿನದಿಂದ ಆರು ತಿಂಗಳೊಳಗೆ ಕೋರ್ಟಿಗೆ ಹೋಗಬೇಕು. ಜ್ಯೂರಿ ಇರುವುದಿಲ್ಲ, ದಂಡ ರೂಪದ ಪರಿಹಾರವೂ ಇಲ್ಲ.

2017ರಲ್ಲಿ ಅಟ್ಲಾಂಟಾದಲ್ಲಿ ಎಫ್‌ಬಿಐ ತಂಡ ವಿಳಾಸ ತಪ್ಪಿ ಬೇರೆಯವರ ಮನೆಯ ಬಾಗಿಲು ಒಡೆದು ಒಳಗೆ ಸಿಡಿಮದ್ದು ಎಸೆಯಿತು. ಮನೆಯಲ್ಲಿ ಏಳು ವರ್ಷದ ಮಗು ಇತ್ತು. ಕೆಳಗಿನ ಕೋರ್ಟ್‌ಗಳು ಆ ಕುಟುಂಬದ ಕ್ಲೇಮ್ ತಳ್ಳಿಹಾಕಿದ್ದವು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ಮತ್ತೆ ನೋಡಿ ಅಂತ ವಾಪಸ್ ಕಳಿಸಿತು. ತಪ್ಪು ಮನೆ ಅಂತ ಎಲ್ಲರೂ ಒಪ್ಪಿದ ಕೇಸಿಗೇ ಎಂಟು ವರ್ಷ ಆದಮೇಲೆ ಸಿಕ್ಕಿದ್ದು ಇನ್ನೊಂದು ವಿಚಾರಣೆಯ ಅವಕಾಶ.

ಅಧಿಕಾರಿ ಒರಟಾಗಿ ಮಾತಾಡಿದರು, ಅವಮಾನ ಮಾಡಿದರು. ಸಾಕಾ?

ಸಾಮಾನ್ಯವಾಗಿ ಸಾಲದು. ಬಾಯಿಗೆ ಬಂದಂತೆ ಬೈದದ್ದು ಸಂವಿಧಾನ ಮುರಿದಂತೆ ಅಲ್ಲ. ಯಾವ ತಿದ್ದುಪಡಿಯ ಯಾವ ಹಕ್ಕು ಅಂತ ಬೆರಳಿಟ್ಟು ತೋರಿಸಬೇಕು. ಮಾತಿನ ಹಕ್ಕಿಗೆ 1ನೇ ತಿದ್ದುಪಡಿ. ಬಂಧನ, ಶೋಧ, ಬಲಪ್ರಯೋಗಕ್ಕೆ 4ನೇ ತಿದ್ದುಪಡಿ. ಶಿಕ್ಷೆಗೊಳಗಾದ ಕೈದಿಗಳಿಗೆ 8ನೇ ತಿದ್ದುಪಡಿ. ತಾರತಮ್ಯಕ್ಕೆ ಮತ್ತು ಸರಿಯಾದ ವಿಚಾರಣೆ ಇಲ್ಲದೆ ಕಸಿದುಕೊಂಡದ್ದಕ್ಕೆ 14ನೇ ತಿದ್ದುಪಡಿ.

ಬಲಪ್ರಯೋಗದ ಅಳತೆಗೋಲು 1989ರ ಗ್ರಹಾಂ ವರ್ಸಸ್ ಕಾನರ್ ತೀರ್ಪಿನದು. ಸಕ್ಕರೆ ಕಾಯಿಲೆಯ ವ್ಯಕ್ತಿಯೊಬ್ಬರು ಕಿತ್ತಳೆ ರಸಕ್ಕಾಗಿ ಅಂಗಡಿಗೆ ಹೋಗಿ, ಸಾಲು ಉದ್ದ ಇದ್ದದ್ದು ನೋಡಿ ಅವಸರದಲ್ಲಿ ಹೊರಗೆ ಬಂದರು. ಪೊಲೀಸ್‌ಗೆ ಅನುಮಾನ ಬಂತು. ಕೊನೆಗೆ ಅವರ ಪಾದ ಮುರಿದಿತ್ತು. ಆ ಜಾಗದಲ್ಲಿ ಒಬ್ಬ ಸಾಮಾನ್ಯ ತಿಳಿವಳಿಕೆಯ ಅಧಿಕಾರಿ ಇದ್ದಿದ್ದರೆ ಹೀಗೆ ಮಾಡುತ್ತಿದ್ದರಾ ಎಂಬುದೇ ಪ್ರಶ್ನೆ ಅಂತ ಕೋರ್ಟ್ ಹೇಳಿತು. ಅಧಿಕಾರಿಯ ಮನಸ್ಸಿನಲ್ಲಿ ದ್ವೇಷ ಇತ್ತಾ ಅಂತ ನೋಡುವುದಿಲ್ಲ. ಪೊಲೀಸರು ಗುಂಡು ಹಾರಿಸಿದ ಕೇಸಿನಲ್ಲಿ ಆ ಕ್ಷಣ ಮಾತ್ರ ನೋಡಿದರೆ ಸಾಲದು, ಅದಕ್ಕೆ ಮುಂಚೆ ನಡೆದದ್ದನ್ನೂ ನೋಡಬೇಕು ಅಂತ 2025ರ ಬಾರ್ನ್ಸ್ ವರ್ಸಸ್ ಫೆಲಿಕ್ಸ್ ತೀರ್ಪು ಸೇರಿಸಿದೆ.

ಪೊಲೀಸರಿಗೆ ಫೋನ್ ಮಾಡಿದರೂ ಬರಲಿಲ್ಲ. ಅದಕ್ಕೆ?

ಬಹುತೇಕ ಇಲ್ಲ. ಕಾನೂನಿನ ಈ ಭಾಗ ಓದಿದಾಗ ಹೊಟ್ಟೆ ತೊಳಸುತ್ತದೆ. 1999ರಲ್ಲಿ ಕೊಲರಾಡೋದ ಕ್ಯಾಸಲ್ ರಾಕ್‌ನಲ್ಲಿ ಒಬ್ಬ ತಾಯಿ, ಕೋರ್ಟ್ ಆದೇಶ ಇದ್ದರೂ ಗಂಡ ಮೂರು ಹೆಣ್ಣುಮಕ್ಕಳನ್ನು ಎತ್ತಿಕೊಂಡು ಹೋಗಿದ್ದಾನೆ ಅಂತ ಪೊಲೀಸರಿಗೆ ಮತ್ತೆ ಮತ್ತೆ ಹೇಳಿದರು. ಅವರು ಕದಲಲಿಲ್ಲ. ಮೂವರೂ ಮಕ್ಕಳು ಕೊಲೆಯಾದರು. ಆ ಆದೇಶವನ್ನು ಪೊಲೀಸರು ಜಾರಿ ಮಾಡಲೇಬೇಕು ಎಂಬ ಸಾಂವಿಧಾನಿಕ ಹಕ್ಕು ಆಕೆಗೆ ಇರಲಿಲ್ಲ ಅಂತ 2005ರಲ್ಲಿ ತೀರ್ಪಾಯಿತು. ಸರ್ಕಾರ ಮಾಡಿದ ಹಾನಿಗೆ ಕೇಸ್ ಹಾಕಬಹುದು. ಬೇರೆಯವರು ಮಾಡಿದ ಹಾನಿಯನ್ನು ತಡೆಯಲಿಲ್ಲ ಅಂತ ಹಾಕುವುದು ಕಷ್ಟ. ನೀವು ಅವರ ವಶದಲ್ಲಿದ್ದರೆ, ಉದಾಹರಣೆಗೆ ಜೈಲಿನಲ್ಲಿ, ಆಗ ಕಾಪಾಡುವ ಹೊಣೆ ಅವರದ್ದೇ.

ಈ "ಕ್ವಾಲಿಫೈಡ್ ಇಮ್ಯೂನಿಟಿ" ಅಂದರೆ ಏನು? ಎಲ್ಲರೂ ಅದನ್ನೇ ಬೈಯುತ್ತಾರಲ್ಲ?

ಬೈಯುವುದಕ್ಕೆ ಕಾರಣ ಇದೆ. ಅಧಿಕಾರಿ ಹಕ್ಕು ಮುರಿದದ್ದು ನಿಜವೇ ಆದರೂ, ಅದು ತಪ್ಪು ಅಂತ ಆ ಹೊತ್ತಿಗೆ "ಸ್ಪಷ್ಟವಾಗಿ ಸ್ಥಾಪಿತ" ಆಗಿರಲಿಲ್ಲ ಎಂದಾದರೆ ಅವರು ಪರಿಹಾರ ಕೊಡಬೇಕಿಲ್ಲ. ಸ್ಪಷ್ಟವಾಗಿ ಸ್ಥಾಪಿತ ಅಂದರೆ, ಸಾಮಾನ್ಯವಾಗಿ, ಇಂಥದ್ದೇ ಸಂದರ್ಭದ ಹಳೆಯ ತೀರ್ಪೊಂದು ಇರಬೇಕು. 1871ರ ಕಾನೂನಿನಲ್ಲಿ ಈ ಮಾತು ಎಲ್ಲೂ ಇಲ್ಲ. 1967ರಲ್ಲಿ ಕೋರ್ಟ್ ತಾನೇ ತಂದದ್ದು. ಈಗಿನ ರೂಪ ಬಂದದ್ದು 1982ರ ಹಾರ್ಲೋ ವರ್ಸಸ್ ಫಿಟ್ಸ್‌ಜೆರಾಲ್ಡ್‌ನಲ್ಲಿ.

"ಇಂಥದ್ದೇ" ಅಂದರೆ ಎಷ್ಟು ಇಂಥದ್ದೇ? ಟೆನೆಸ್ಸಿಯಲ್ಲಿ ಕೈ ಮೇಲೆತ್ತಿ ಕೂತಿದ್ದ ಮನುಷ್ಯನ ಮೇಲೆ ಪೊಲೀಸ್ ನಾಯಿ ಬಿಟ್ಟರು. ಶರಣಾಗಿ ಮಲಗಿದವನ ಮೇಲೆ ನಾಯಿ ಬಿಡುವುದು ತಪ್ಪು ಅಂತ ಹಳೆಯ ತೀರ್ಪು ಇತ್ತು. ಇವನು ಮಲಗಿರಲಿಲ್ಲ, ಕೂತಿದ್ದ. ಕೇಸ್ ಹೋಯಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ, ಶೋಧಕ್ಕೆ ಬಂದ ಪೊಲೀಸರು 2 ಲಕ್ಷ 25 ಸಾವಿರ ಡಾಲರ್‌ಗೂ ಜಾಸ್ತಿ ಬೆಲೆಯ ನಗದು ಮತ್ತು ಅಪರೂಪದ ನಾಣ್ಯ ಕದ್ದರು ಎಂಬ ಆರೋಪದ ಕೇಸ್. ವಾರಂಟ್‌ನಡಿ ವಶಪಡಿಸಿಕೊಂಡ ವಸ್ತುವನ್ನು ಪೊಲೀಸರು ಕದ್ದರೆ 4ನೇ ತಿದ್ದುಪಡಿ ಮುರಿಯುತ್ತದೆ ಅಂತ ಸ್ಪಷ್ಟ ತೀರ್ಪು ಆಗ ಇರಲಿಲ್ಲ ಅಂತ ಮೇಲ್ಮನವಿ ಕೋರ್ಟ್ 2019ರಲ್ಲಿ ಹೇಳಿತು. ಕಳ್ಳತನ ತಪ್ಪು ಅಂತ ಪೊಲೀಸರಿಗೆ ತೀರ್ಪು ಬಂದ ಮೇಲೆ ಗೊತ್ತಾಗಬೇಕಾ?

ಇನ್ನೂ ಒಂದು ಸುಳಿ ಇದೆ. ಹಕ್ಕು ಮುರಿಯಿತಾ ಎಂಬ ಪ್ರಶ್ನೆಗೆ ಉತ್ತರ ಕೊಡದೆ, ಸುಮ್ನೆ "ಸ್ಪಷ್ಟ ಇರಲಿಲ್ಲ" ಅಂತ ಕೇಸ್ ಮುಗಿಸಲು 2009ರಿಂದ ನ್ಯಾಯಾಧೀಶರಿಗೆ ಅವಕಾಶ ಇದೆ. ಹಾಗೆ ಮುಗಿಸಿದರೆ ಮುಂದಿನವನಿಗೂ ಹಳೆಯ ತೀರ್ಪು ಸಿಗುವುದಿಲ್ಲ. ಬಾವಿಗೆ ಹಗ್ಗ ಇಲ್ಲ, ಹಗ್ಗ ಹೊಸೆಯುವವರೂ ಇಲ್ಲ.

ಹಾಗಂತ ಇದು ದಾಟಲಾಗದ ಗೋಡೆ ಅಲ್ಲ. ಅಲಬಾಮಾದ ಜೈಲಿನಲ್ಲಿ ಕೈದಿಯೊಬ್ಬನನ್ನು ಅಂಗಿ ಬಿಚ್ಚಿಸಿ ಏಳು ಗಂಟೆ ಬಿಸಿಲಿನಲ್ಲಿ ಕಂಬಕ್ಕೆ ಕಟ್ಟಿದ್ದರು. ಅಷ್ಟು ಕ್ರೂರವಾದದ್ದಕ್ಕೆ ತದ್ರೂಪಿ ತೀರ್ಪು ಬೇಕಿಲ್ಲ ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಟೆಕ್ಸಾಸ್‌ನಲ್ಲಿ ಮಲ ಮೆತ್ತಿದ್ದ ಕೋಣೆಗಳಲ್ಲಿ ಆರು ದಿನ ಇಟ್ಟ ಕೇಸಿನಲ್ಲೂ 2020ರಲ್ಲಿ ಅದೇ ಮಾತು. ವಕೀಲರು ನಿಮ್ಮ ಕೇಸ್ ಕೇಳಿದ ಕೂಡಲೇ ಮೊದಲು ಹುಡುಕುವುದು ನಿಮ್ಮ ಸರ್ಕ್ಯೂಟ್‌ನ, ಅಂದರೆ ನಿಮ್ಮ ಪ್ರದೇಶದ ಫೆಡರಲ್ ಮೇಲ್ಮನವಿ ಕೋರ್ಟಿನ, ಹಳೆಯ ತೀರ್ಪು. "ನನ್ನ ಕೇಸಿಗೆ ಹತ್ತಿರದ ತೀರ್ಪು ಯಾವುದು?" ಅಂತ ನೀವೇ ಕೇಳಿ. ಉತ್ತರ ತಡವರಿಸಿದರೆ ಕೇಸಿನ ಗತಿ ಅಲ್ಲೇ ಅರ್ಧ ಗೊತ್ತಾಗುತ್ತದೆ.

ನಗರದ ಮೇಲಿನ ಕೇಸಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ, ನೆನಪಿರಲಿ.

ನ್ಯಾಯಾಧೀಶರ ಮೇಲೆ? ಪ್ರಾಸಿಕ್ಯೂಟರ್ ಮೇಲೆ?

ಅವರಿಗಿರುವುದು ಪೂರ್ತಿ ರಕ್ಷಣೆ. 1971ರಲ್ಲಿ ಇಂಡಿಯಾನಾದ ನ್ಯಾಯಾಧೀಶರೊಬ್ಬರು 15 ವರ್ಷದ ಹುಡುಗಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ತಾಯಿಯ ಅರ್ಜಿಗೆ ಅವತ್ತೇ ಸಹಿ ಹಾಕಿದರು. ವಿಚಾರಣೆ ಇಲ್ಲ, ಹುಡುಗಿಯ ಪರ ವಕೀಲರಿಲ್ಲ. ಅಪೆಂಡಿಕ್ಸ್ ತೆಗೆಯುತ್ತಿದ್ದೇವೆ ಅಂತ ಅವಳಿಗೆ ಹೇಳಿದ್ದರು. ಮದುವೆಯಾಗಿ ಮಕ್ಕಳಾಗದಿದ್ದಾಗ ನಿಜ ಗೊತ್ತಾಯಿತು. 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಅದು ನ್ಯಾಯಾಧೀಶರ ಕೆಲಸವೇ, ದಾವೆ ನಡೆಯುವುದಿಲ್ಲ. ಕೋರ್ಟಿನಲ್ಲಿ ಕೇಸ್ ನಡೆಸುವ ಪ್ರಾಸಿಕ್ಯೂಟರ್‌ಗೂ, ಮತ ಹಾಕುವ ಶಾಸಕರಿಗೂ, ಸಾಕ್ಷಿ ಹೇಳುವ ಪೊಲೀಸ್‌ಗೂ ಇದೇ ಬಗೆಯ ರಕ್ಷಣೆ. ಪ್ರಾಸಿಕ್ಯೂಟರ್ ತನಿಖಾಧಿಕಾರಿಯ ಕೆಲಸಕ್ಕೆ ಇಳಿದರೆ ಮಾತ್ರ ಸ್ವಲ್ಪ ಸಂದು ಸಿಗುತ್ತದೆ.

ನನಗೆ ಶಿಕ್ಷೆ ಆಗಿದೆ, ಅಥವಾ ತಪ್ಪೊಪ್ಪಿಗೆ ಕೊಟ್ಟು ಮುಗಿಸಿದ್ದೇನೆ. ಈಗ ಕೇಸ್ ಹಾಕಬಹುದಾ?

ನಿಮ್ಮ ದಾವೆ ಗೆದ್ದರೆ ಆ ಶಿಕ್ಷೆ ತಪ್ಪು ಅಂತ ಆಗುವಂತಿದ್ದರೆ, ಮೊದಲು ಶಿಕ್ಷೆ ರದ್ದಾಗಬೇಕು. ಇದು 1994ರ ಹೆಕ್ ವರ್ಸಸ್ ಹಂಫ್ರಿ ನಿಯಮ. "ಸಣ್ಣ ಆರೋಪ ಒಪ್ಪಿಕೊಳ್ಳಿ, ಇವತ್ತೇ ಮನೆಗೆ ಹೋಗಬಹುದು" ಅಂದಾಗ ಜನ ಒಪ್ಪುತ್ತಾರೆ. ಆ ಒಪ್ಪಿಗೆಯೇ ಮುಂದೆ ಸಿವಿಲ್ ಕೇಸಿನ ಕುತ್ತಿಗೆ ಹಿಸುಕಬಹುದು. ಸಹಿ ಹಾಕುವ ಮುನ್ನ ಡಿಫೆನ್ಸ್ ವಕೀಲರಿಗೆ ಈ ಪ್ರಶ್ನೆ ಕೇಳಿ. ಆರೋಪ ಕೈಬಿಟ್ಟಿದ್ದರೆ ಚಿಂತೆ ಕಡಿಮೆ. ಸುಳ್ಳು ಮೊಕದ್ದಮೆಯ ದಾವೆಗೆ "ನಿರಪರಾಧಿ" ಅಂತ ತೀರ್ಪೇ ಬೇಕಿಲ್ಲ, ಶಿಕ್ಷೆಯಾಗದೆ ಕೇಸ್ ಮುಗಿದಿದ್ದರೆ ಸಾಕು ಅಂತ 2022ರಲ್ಲಿ ತೀರ್ಪಾಗಿದೆ.

ಎಷ್ಟು ದಿನದೊಳಗೆ?

ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆ ರಾಜ್ಯದಲ್ಲಿ ಮೈಗೆ ಗಾಯವಾದ ಕೇಸುಗಳಿಗೆ ಎಷ್ಟು ಕಾಲವೋ ಇದಕ್ಕೂ ಅಷ್ಟೇ. ಟೆನೆಸ್ಸಿ, ಕೆಂಟಕಿಯಲ್ಲಿ ಒಂದೇ ವರ್ಷ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ ಎರಡು. ನ್ಯೂಯಾರ್ಕ್‌ನಲ್ಲಿ ಮೂರು. ಇಲಾಖೆಯ ಒಳಗೆ ದೂರು ಕೊಟ್ಟು ಉತ್ತರಕ್ಕೆ ಕಾಯುತ್ತಾ ಕೂತರೆ ಗಡಿಯಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಇದರ ಜೊತೆಗೆ ರಾಜ್ಯ ಕಾನೂನಿನಡಿ ಹಲ್ಲೆ, ಅಕ್ರಮ ಬಂಧನ ಅಂತಲೂ ಸೇರಿಸುವುದು ವಾಡಿಕೆ. ಅದಕ್ಕೆ ಹಲವು ರಾಜ್ಯಗಳಲ್ಲಿ ಮುಂಚಿತ ನೋಟಿಸ್ ಬೇಕು, ಆ ಗಡುವು ತೀರಾ ಚಿಕ್ಕದು. ನ್ಯೂಯಾರ್ಕ್‌ನಲ್ಲಿ ನಗರಕ್ಕೆ 90 ದಿನದೊಳಗೆ, ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳೊಳಗೆ. ಗಾಯ ಮಾಯುವಷ್ಟರಲ್ಲಿ ಗಡುವು ಹೋಗಿರುತ್ತದೆ. ಸೆಕ್ಷನ್ 1983ಕ್ಕೆ ಮಾತ್ರ ಈ ನೋಟಿಸ್ ಬೇಡ.

ಘಟನೆಯಾದ ದಿನವೇ ಏನು ಮಾಡಬೇಕು?

ಬರೆದಿಡಿ. ಸಮಯ, ಜಾಗ, ಬ್ಯಾಡ್ಜ್ ನಂಬರ್, ಗಾಡಿ ನಂಬರ್, ಆಡಿದ ಮಾತು. ಅವತ್ತು ಬರೆದದ್ದಕ್ಕೂ ಆರು ತಿಂಗಳ ನಂತರ ನೆನಪು ಮಾಡಿಕೊಂಡದ್ದಕ್ಕೂ ಜ್ಯೂರಿಯ ಮುಂದೆ ತೂಕ ಬೇರೆ. ಗಾಯದ ಫೋಟೋ ಅವತ್ತೂ ತೆಗೆಯಿರಿ, ಮೂರು ದಿನ ಬಿಟ್ಟೂ ತೆಗೆಯಿರಿ, ಏಕೆಂದರೆ ಬಾವು ಮತ್ತು ನೀಲಿಗಟ್ಟುವುದು ಆಮೇಲೆ ಕಾಣುತ್ತದೆ. ವೈದ್ಯರ ಹತ್ತಿರ ಹೋದಾಗ ಹೇಗೆ ಆಯಿತು ಅಂತ ಹೇಳಿ, ಅದು ದಾಖಲೆಯಲ್ಲಿ ಬರುತ್ತದೆ.

ಎಲ್ಲಕ್ಕಿಂತ ಅವಸರದ್ದು ವಿಡಿಯೋ. ಅಂಗಡಿಗಳ ಕ್ಯಾಮೆರಾ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ. ಪೊಲೀಸರ ಮೈಮೇಲಿನ ಕ್ಯಾಮೆರಾದ ವಿಡಿಯೋವನ್ನೂ ನಿಗದಿತ ಅವಧಿಯ ನಂತರ ಅಳಿಸುತ್ತಾರೆ. ಅಳಿಸಬೇಡಿ ಅಂತ ಲಿಖಿತ ಪತ್ರ ಕೊಡಿ, ಪ್ರತಿ ಇಟ್ಟುಕೊಳ್ಳಿ. ನಿಮ್ಮ ವಿಷಯವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಎದುರಾಳಿ ವಕೀಲರು ಮೊದಲು ಓದುವುದೇ ಅದನ್ನು.

ಎಷ್ಟು ಹಣ ಸಿಗುತ್ತದೆ? ಕೊಡುವವರು ಯಾರು?

ಆಸ್ಪತ್ರೆ ಖರ್ಚು, ಹೋದ ಸಂಬಳ, ನೋವು ಎಲ್ಲಕ್ಕೂ ಕೇಳಬಹುದು. ಅಧಿಕಾರಿ ದುರುದ್ದೇಶದಿಂದ ಅಥವಾ ಲೆಕ್ಕಿಸದೆ ಮಾಡಿದ್ದರೆ ದಂಡ ರೂಪದ ಪರಿಹಾರವೂ ಇದೆ. ನಗರದಿಂದ ಮಾತ್ರ ದಂಡ ರೂಪದ್ದು ಸಿಗುವುದಿಲ್ಲ. ಹಕ್ಕು ಮುರಿದದ್ದು ಸಾಬೀತಾಗಿ ನಷ್ಟ ಸಾಬೀತಾಗದಿದ್ದರೆ ಒಂದು ಡಾಲರ್ ಕೊಡುತ್ತಾರೆ. ತಮಾಷೆ ಅಲ್ಲ, ನಿಜವಾಗಿಯೂ ಒಂದೇ ಡಾಲರ್.

ಪತ್ರಿಕೆಯಲ್ಲಿ ಬರುವ ಅಂಕಿಗಳು ಬೇರೆ ಲೋಕದವು. ಪೊಲೀಸರ ಕೈಯಲ್ಲಿ ಸತ್ತ ಜಾರ್ಜ್ ಫ್ಲಾಯ್ಡ್ ಕುಟುಂಬಕ್ಕೆ ಮಿನಿಯಾಪೊಲಿಸ್ ನಗರ 2021ರಲ್ಲಿ 2.7 ಕೋಟಿ ಡಾಲರ್, ಪೊಲೀಸರ ಗುಂಡಿಗೆ ಸತ್ತ ಬ್ರಿಯೊನಾ ಟೇಲರ್ ಕುಟುಂಬಕ್ಕೆ ಲೂಯಿವಿಲ್ 2020ರಲ್ಲಿ 1.2 ಕೋಟಿ ಡಾಲರ್ ಕೊಟ್ಟವು. ಇವು ಸಾವಿನ ಕೇಸುಗಳು, ಇಡೀ ದೇಶ ನೋಡಿದ ಕೇಸುಗಳು. ನಿಮ್ಮದನ್ನು ಇದರ ಪಕ್ಕ ಇಟ್ಟು ಅಳೆಯಬೇಡಿ.

ಅಧಿಕಾರಿಯ ಜೇಬಿನಿಂದ ಹಣ ಬರುವುದು ಬಹಳ ಅಪರೂಪ. ಕಾನೂನು ಪ್ರಾಧ್ಯಾಪಕಿ ಜೊವಾನಾ ಶ್ವಾರ್ಟ್ಜ್ 2006ರಿಂದ 2011ರವರೆಗಿನ ಲೆಕ್ಕ ತೆಗೆದಾಗ, ದೊಡ್ಡ ಪೊಲೀಸ್ ಇಲಾಖೆಗಳ ಕೇಸುಗಳಲ್ಲಿ ವಾದಿಗಳಿಗೆ ಸಿಕ್ಕ ಹಣದಲ್ಲಿ ಅಧಿಕಾರಿಗಳು ಕೊಟ್ಟದ್ದು ಶೇ. 0.02 ಮಾತ್ರ. ಉಳಿದದ್ದು ತೆರಿಗೆ ಕಟ್ಟುವವರದು. ಅಂದರೆ ನಿಮ್ಮದೂ. "ಪಾಪ, ಪೊಲೀಸ್ ಮನೆ ಮಾರಬೇಕಾಗುತ್ತದೆ, ಅದಕ್ಕೇ ಇಮ್ಯೂನಿಟಿ ಬೇಕು" ಎಂಬ ವಾದ ಈ ಅಂಕಿಯ ಮುಂದೆ ನಿಲ್ಲುವುದಿಲ್ಲ.

ವಕೀಲರ ಫೀಸು ಕೊಡುವ ಶಕ್ತಿ ನನಗಿಲ್ಲ.

ಹೆಚ್ಚಿನ ವಕೀಲರು ಗೆದ್ದರೆ ಪಾಲು ಎಂಬ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾರೆ. ಜೊತೆಗೆ, ಗೆದ್ದ ವಾದಿಯ ವಕೀಲರ ಫೀಸನ್ನು ಸೋತ ಪ್ರತಿವಾದಿಯಿಂದ ಕೊಡಿಸುವ ಕಾನೂನು 1976ರಿಂದ ಇದೆ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಪೊಲೀಸರು ವಾರಂಟ್ ಇಲ್ಲದೆ ಒಂದು ಪಾರ್ಟಿಗೆ ನುಗ್ಗಿದ ಕೇಸಿನಲ್ಲಿ ವಾದಿಗಳಿಗೆ ಸಿಕ್ಕಿದ್ದು 33,350 ಡಾಲರ್. ವಕೀಲರಿಗೆ 2,45,456 ಡಾಲರ್. 1986ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನೀವು ಸೋತರೆ ಎದುರಾಳಿಯ ವಕೀಲರ ಫೀಸು ಸಾಮಾನ್ಯವಾಗಿ ನಿಮ್ಮ ತಲೆಗೆ ಬರುವುದಿಲ್ಲ. ಬುಡವಿಲ್ಲದ ಕೇಸ್ ಅಂತ ಕೋರ್ಟ್‌ಗೆ ಅನ್ನಿಸಿದರೆ ಮಾತ್ರ ಬರುತ್ತದೆ.

ಆದರೆ 2025ರಿಂದ ಒಂದು ತೊಡಕು. ತಾತ್ಕಾಲಿಕ ತಡೆ ಸಿಕ್ಕಿ, ಆಮೇಲೆ ಸರ್ಕಾರ ತಾನೇ ನಿಯಮ ಬದಲಿಸಿ ಕೇಸ್ ಮುಗಿದುಹೋದರೆ, ಅದು ಗೆಲುವಲ್ಲ, ಫೀಸಿಲ್ಲ ಅಂತ ಲ್ಯಾಕಿ ವರ್ಸಸ್ ಸ್ಟಿನಿ ತೀರ್ಪು.

ನಾನೇ ವಾದಿಸಬಹುದಾ?

ಬಹುದು. ಫೆಡರಲ್ ಕೋರ್ಟಿನ ಶುಲ್ಕ 405 ಡಾಲರ್. ಕಟ್ಟಲಾಗದವರಿಗೆ ವಿನಾಯಿತಿ ಅರ್ಜಿ ಇದೆ. ದಾವೆ ಸಲ್ಲಿಸಿದ 90 ದಿನದೊಳಗೆ ಪ್ರತಿವಾದಿಗೆ ಸಮನ್ಸ್ ತಲುಪಿಸಬೇಕು. ಇಮ್ಯೂನಿಟಿಯ ವಾದ ಬಂದ ದಿನ ಮಾತ್ರ ಒಬ್ಬರೇ ನಿಲ್ಲುವುದು ಕಷ್ಟ. ನ್ಯಾಯಾಧೀಶರು ಅದನ್ನು ಒಪ್ಪದಿದ್ದರೂ ಅಧಿಕಾರಿ ಅಲ್ಲಿಂದಲೇ ಮೇಲ್ಮನವಿಗೆ ಹೋಗಬಹುದು. ವಿಚಾರಣೆ ಶುರುವಾಗುವ ಮೊದಲೇ ಒಂದೆರಡು ವರ್ಷ ಅಲ್ಲಿ ಕಳೆಯುತ್ತದೆ.

ಜೈಲಿನಲ್ಲಿರುವವರಿಗೆ ಬೇರೆ ನಿಯಮ ಇದೆಯಾ?

ಇದೆ. 1996ರ ಕಾನೂನಿನ ಪ್ರಕಾರ ಜೈಲಿನ ಒಳಗಿನ ದೂರಿನ ಎಲ್ಲ ಹಂತಗಳನ್ನೂ ಮೊದಲು ಮುಗಿಸಬೇಕು. ಒಂದು ಫಾರ್ಮಿನ ಗಡುವು ತಪ್ಪಿದರೂ ಒಳ್ಳೆಯ ಕೇಸ್ ಬಿದ್ದುಹೋಗುತ್ತದೆ. ಒಳಗಿರುವವರ ಮನೆಯವರಿಗೆ ಮೊದಲು ಹೇಳಬೇಕಾದ ಮಾತು ಇದೇ: ಪ್ರತಿ ದೂರಿನ ಪ್ರತಿಯೂ ಹೊರಗೆ ಬರಲಿ.

ನನಗೆ ಹಣ ಬೇಡ. ಅವರು ಈ ಪದ್ಧತಿ ನಿಲ್ಲಿಸಬೇಕು.

ಆದೇಶ ಕೇಳಬಹುದು, ಆದರೆ ಮತ್ತೆ ನಿಮಗೇ ಹೀಗಾಗುವ ನಿಜವಾದ ಸಾಧ್ಯತೆ ತೋರಿಸಬೇಕು. 1976ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಕಾರಿನ ಹಿಂದಿನ ದೀಪ ಕೆಟ್ಟಿದ್ದಕ್ಕೆ ತಡೆದು ಒಬ್ಬ ಕಪ್ಪು ಯುವಕನ ಕುತ್ತಿಗೆಯನ್ನು ಪ್ರಜ್ಞೆ ತಪ್ಪುವವರೆಗೆ ಅಮುಕಿದ್ದರು. ಹಣಕ್ಕೆ ಕೇಸ್ ನಡೆಯಲಿ, ಆದರೆ ಇನ್ನೊಮ್ಮೆ ಅವನ ಕುತ್ತಿಗೆಯನ್ನೇ ಅಮುಕುತ್ತಾರೆ ಅಂತ ಏನು ಖಾತ್ರಿ ಅಂತ 1983ರಲ್ಲಿ ಸುಪ್ರೀಂ ಕೋರ್ಟ್ ಕೇಳಿತು. ಆದೇಶ ಕೊಡಲಿಲ್ಲ.

ಅಧಿಕಾರಿಗೆ ಜೈಲಾಗುತ್ತದಾ?

ನಿಮ್ಮ ದಾವೆಯಿಂದ ಆಗುವುದಿಲ್ಲ. ಬೇಕೆಂದೇ ಹಕ್ಕು ಮುರಿದರೆ ಶಿಕ್ಷಿಸುವ ಬೇರೆ ಫೆಡರಲ್ ಕ್ರಿಮಿನಲ್ ಕಾನೂನು ಇದೆ. ಅದನ್ನು ಹಾಕುವುದು ಸರ್ಕಾರ, ನೀವಲ್ಲ. ಜಾರ್ಜ್ ಫ್ಲಾಯ್ಡ್ ಸಾವಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಡೆರೆಕ್ ಶಾವಿನ್ ಅದರಡಿ ತಪ್ಪೊಪ್ಪಿಕೊಂಡು 2022ರಲ್ಲಿ 21 ವರ್ಷದ ಶಿಕ್ಷೆ ಪಡೆದರು.

ರಾಜ್ಯದ ಕೋರ್ಟಿಗೆ ಹೋಗುವುದು ಒಳ್ಳೆಯದಾ?

ಸೆಕ್ಷನ್ 1983 ದಾವೆಯನ್ನು ಅಲ್ಲೂ ಹಾಕಬಹುದು. ಪ್ರತಿವಾದಿಗಳು ಬೇಕೆಂದರೆ ಅದನ್ನು ಫೆಡರಲ್ ಕೋರ್ಟಿಗೆ ಎಳೆದೊಯ್ಯುತ್ತಾರೆ, ಸಾಮಾನ್ಯವಾಗಿ ಎಳೆದೊಯ್ಯುತ್ತಾರೆ ಕೂಡ. ಕೆಲವು ರಾಜ್ಯಗಳಲ್ಲಿ ಮಾತ್ರ ಲೆಕ್ಕ ಬೇರೆ. ಕೊಲರಾಡೋ 2020ರಲ್ಲಿ ಪೊಲೀಸರ ಮೇಲೆ ರಾಜ್ಯ ಸಂವಿಧಾನದಡಿ ದಾವೆಗೆ ದಾರಿ ಮಾಡಿತು. ಅದರಲ್ಲಿ ಕ್ವಾಲಿಫೈಡ್ ಇಮ್ಯೂನಿಟಿ ಇಲ್ಲ. ಅಧಿಕಾರಿ ಸದುದ್ದೇಶದಿಂದ ನಡೆದುಕೊಂಡಿಲ್ಲ ಅಂತ ಅವರ ಇಲಾಖೆಗೇ ಅನ್ನಿಸಿದರೆ ಮೊತ್ತದ ಶೇ. 5 ಅಥವಾ 25,000 ಡಾಲರ್, ಯಾವುದು ಕಡಿಮೆಯೋ ಅಷ್ಟು, ಅವರ ಜೇಬಿನಿಂದಲೇ. ನ್ಯೂ ಮೆಕ್ಸಿಕೋ 2021ರಲ್ಲಿ ಇನ್ನೊಂದು ಬಗೆ ಹಿಡಿಯಿತು. ಅಲ್ಲಿ ಅಧಿಕಾರಿಯನ್ನು ಬಿಟ್ಟು ನೇರವಾಗಿ ಸರ್ಕಾರಿ ಸಂಸ್ಥೆಯ ಮೇಲೆ ಹಾಕಬೇಕು, ಇಮ್ಯೂನಿಟಿಯ ಮಾತಿಲ್ಲ, ಪರಿಹಾರಕ್ಕೆ ಮಿತಿ ಇದೆ. ಘಟನೆ ಈ ಎರಡು ರಾಜ್ಯಗಳಲ್ಲಿ ಆಗಿದ್ದರೆ ಫೆಡರಲ್ ಕೋರ್ಟಿನ ಮೆಟ್ಟಿಲು ಹತ್ತುವ ಮುನ್ನ ವಕೀಲರಿಗೆ ಇದನ್ನು ನೆನಪಿಸಿ.